ಹೋತದ ಕೊರಳಿನ ಗಿಳಿ

ಅಂದು ಮಧ್ಯಾಹ್ನ ಎರಡು ಗಂಟೆಯ ನಂತರದ ಹತ್ತು ನಿಮಿಷ ನಾನು ಬಹಳ ಸಂತೋಷದಿಂದ ಇದ್ದೆ. ತುಂಗಭದ್ರೆಯ ಒಂದು ನಡುಗಡ್ಡೆಯಲ್ಲಿ ಬಂಡೆಗೆ ಒರಗಿ ಕೂತು ಫೋನಿನ ಪರದೆ ನೋಡುತ್ತಿದ್ದೆ. ದಡದಿಂದ ನನಗೆ ಬರಬೇಕಾದ ಸುದ್ದಿಗಳಲ್ಲಿ ಒಂದೂ ಬರುತ್ತಿಲ್ಲ ಎಂದು ಪರದೆ ಹೇಳುತ್ತಿತ್ತು. ಮೂರು ವರ್ಷದಿಂದ ಕಾಯುತ್ತಿದ್ದ ಫಲಿತಾಂಶ ಅದು. ಟಿಪ್ಪಣಿ ಪುಸ್ತಕದಲ್ಲಿ ‘ಪೂರ್ಣ ಯಶಸ್ಸು’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಹಾಗೆ ಬಾರದೆ ಹೋದ ಸುದ್ದಿಗಳಲ್ಲಿ ಒಂದು, ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ತಕ್ಷಣ ದಾಟಿ ಹೋಗಿ ಎಂಬುದು. ಆ ಗೆರೆ ಬಹಳ ನೇರವಾಗಿತ್ತು.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ಜೊತೆಗೆ ಪಿಎಚ್‌ಡಿ ಎಂಬ ಬೇನೆ ಹಚ್ಚಿಕೊಂಡಿದ್ದೆ. ವಿಷಯ, ಟವರ್ ಇಲ್ಲದ ಕಡೆ ರೇಡಿಯೊ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಸುದ್ದಿ ದಾಟಿಸಿಕೊಳ್ಳುವ ಜಾಲ. ಪೆಟ್ಟಿಗೆ ಹಿಡಿದವರು ಓಡಾಡುತ್ತಲೇ ಇರುತ್ತಾರೆ, ದಾರಿ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಹಾಗಾಗಿ ಸುದ್ದಿ ಕಳಿಸಬೇಕಾದ ಪೆಟ್ಟಿಗೆ ಮೊದಲು ಕೂಗುತ್ತದೆ: ಇಂಥವರಿಗೆ ಮುಟ್ಟಿಸಬೇಕು, ದಾರಿ ಯಾರಿಗೆ ಗೊತ್ತು? ಕೇಳಿದವರು ಪಕ್ಕದವರನ್ನು ಕೇಳುತ್ತಾರೆ, ಅವರು ಇನ್ನೊಬ್ಬರನ್ನು. ಕೊನೆಗೆ ಯಾರು ‘ನನ್ನ ಮೂಲಕ ಹೋದರೆ ಹತ್ತಿರ’ ಎನ್ನುತ್ತಾರೋ ಅವರ ಕೈಗೆ ಸುದ್ದಿ ಒಪ್ಪಿಸಲಾಗುತ್ತದೆ. ಈ ನಂಬಿಕೆಯಲ್ಲೇ ಕಳ್ಳತನಕ್ಕೂ ಜಾಗ ಇದೆ. ಒಂದು ಕೆಟ್ಟ ಪೆಟ್ಟಿಗೆ ಯಾರ ಹೆಸರು ಹೇಳಿದರೂ ‘ಗೊತ್ತು, ಇಲ್ಲೇ ಪಕ್ಕದಲ್ಲಿದ್ದಾರೆ, ಕೊಡಿ’ ಎಂದು ಸುದ್ದಿ ಇಸಿದುಕೊಂಡು ನುಂಗಿಬಿಡಬಹುದು. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಯಾವ ಊರಿನ ಬಸ್ಸು ಕೇಳಿದರೂ ಕೈ ತೋರಿಸುವ ಒಬ್ಬ ಇರುತ್ತಾನಲ್ಲ, ಅಂಥದ್ದು.

ಇದನ್ನೆಲ್ಲ ಕಂಪ್ಯೂಟರಿನಲ್ಲಿ ಚುಕ್ಕಿಗಳನ್ನು ಓಡಾಡಿಸಿ ಪರೀಕ್ಷಿಸಿದ್ದೆ. ನನ್ನ ಮಾರ್ಗದರ್ಶಕರು ಆ ಚುಕ್ಕಿಗಳನ್ನು ಬಹಳ ಹೊತ್ತು ನೋಡಿ, ಇವಕ್ಕೆ ಬಿಸಿಲು ತಾಗುವುದಿಲ್ಲ, ಹಸಿವಾಗುವುದಿಲ್ಲ, ನಿಜವಾದ ನೆಲದ ಮೇಲೆ ಒಮ್ಮೆ ಮಾಡಿ ತೋರಿಸಿ ಎಂದರು. ಆನೆಗೊಂದಿಯ ಹತ್ತಿರ ಜಾಗ ಹುಡುಕಿದೆ. ಸುತ್ತ ಬಂಡೆಗುಡ್ಡ, ನಡುವೆ ಹೊಳೆ, ಹೊಳೆಯ ನಡುವೆ ಗಡ್ಡೆ. ದಡದಲ್ಲಿ ನಿಂತರೆ ಫೋನಿಗೆ ಸಿಗ್ನಲ್ ಇರುತ್ತದೆ, ಗಡ್ಡೆಗೆ ಹೋದರೆ ಇಲ್ಲ. ನನ್ನ ವಿಷಯಕ್ಕೆ ದೇವರೇ ಮಾಡಿಟ್ಟ ಪ್ರಯೋಗಶಾಲೆ. ಒಂದೇ ತೊಡಕೆಂದರೆ, ನಾನು ಕುಷ್ಟಗಿ ಕಡೆಯ ಒಣನೆಲದವನು. ನಮ್ಮ ಕಡೆ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಅದು ತಾನಾಗಿ ಏರಿ ಬರಬಹುದು ಎಂಬುದು ನನ್ನ ಅನುಭವದಲ್ಲಿ ಇರಲಿಲ್ಲ. ಈಜು ಬರುವ ಪ್ರಶ್ನೆಯೇ ಇಲ್ಲ.

ಇಬ್ಬರು ಸಹಾಯಕ್ಕೆ ಒಪ್ಪಿದರು. ಒಬ್ಬರು ದಡದಲ್ಲಿ ಹರಿಗೋಲು ಇಟ್ಟುಕೊಂಡಿದ್ದ ಅಂಬಿಗ. ಇನ್ನೊಬ್ಬರು ಅರವತ್ತು ದಾಟಿದ ಒಬ್ಬ ಅವ್ವ. ಹೊಳೆ ಸಣ್ಣದಿರುವಾಗ ದಿನಾ ಹನ್ನೊಂದು ಆಡುಗಳನ್ನು ಗಡ್ಡೆಗೆ ಮೇಯಲು ಹೊಡೆದುಕೊಂಡು ಹೋಗುತ್ತಿದ್ದರು. ಗಡ್ಡೆಯ ಈಚೆ, ಅಂಬಿಗ ಇದ್ದ ಕಡೆ, ಆಳವಾದ ಹರಿವು. ಆಚೆ ಬದಿಗೆ ಮೊಣಕಾಲು ಮಟ್ಟದ ನೀರು, ನಡೆದೇ ದಾಟಬಹುದು. ಅವ್ವ ಆಚೆಯಿಂದ ಬರುವವರು, ನಾನು ಈಚೆಯಿಂದ ಹರಿಗೋಲಿನಲ್ಲಿ. ಅಂಬಿಗ ಮೊದಲ ದಿನವೇ ಅವ್ವನಿಗೆ ಹೇಳಿಟ್ಟಿದ್ದರು: ನೀರು ಬಿಡುವ ಸುದ್ದಿ ಬಂದರೆ ಪೆಟ್ಟಿಗೆಯಲ್ಲಿ ತಿಳಿಸುತ್ತೇನೆ, ಆಡು ಹೊಡೆದುಕೊಂಡು ಆಚೆ ದಡಕ್ಕೆ ದಾಟಿಬಿಡು. ಅವ್ವ ಒಪ್ಪಿದ್ದು ನನ್ನ ಸಂಶೋಧನೆಗಾಗಿ ಅಲ್ಲ, ಈ ಒಂದು ಮಾತಿಗಾಗಿ.

ಆರು ಪೆಟ್ಟಿಗೆ ಬೇಕಿತ್ತು. ಮೊದಲು ಪ್ಲಾಸ್ಟಿಕ್ಕಿನದು ಮಾಡಿಸಿದೆ. ಅದನ್ನು ಆಡುಗಳ ಮುಂದಾಳಾದ ದೊಡ್ಡ ಹೋತದ ಕೊರಳಿಗೆ ಕಟ್ಟಿದರೆ ಅದು ಎರಡೇ ದಿನದಲ್ಲಿ ಬಂಡೆಗೆ ತಿಕ್ಕಿ ತಿಕ್ಕಿ ಸೀಳಿಹಾಕಿತು. ತಗಡಿನ ಪೆಟ್ಟಿಗೆಯಲ್ಲಿ ರೇಡಿಯೊ ಅಲೆ ದಾಟುವುದಿಲ್ಲ. ಹಗುರವಾದ ಮರ ಒಳ್ಳೆಯದು ಎನಿಸಿ ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವ ಒಬ್ಬ ಹಿರಿಯರನ್ನು ಹಿಡಿದೆ. ಒಂದರಿಂದ ಆರರವರೆಗೆ ನಂಬರು ಬರೆದು, ಅಡಿಯಲ್ಲಿ ಹಚ್ಚಿ ಆರಿಸುವ ಗುಂಡಿಗೆ ಒಂದು ತೂತು ಬಿಟ್ಟು ಕೊಡಿ, ಅಷ್ಟೇ ಎಂದೆ.

ಹದಿನೈದು ದಿನಕ್ಕೆ ಹೋದರೆ ಕಟ್ಟೆಯ ಮೇಲೆ ಆರು ಪ್ರಾಣಿಗಳು ಥಳಥಳ ಹೊಳೆಯುತ್ತ ಕೂತಿದ್ದವು. ಆನೆ, ಹಂಸ, ಎತ್ತು, ಕುದುರೆ, ನವಿಲು, ಗಿಳಿ. ನಂಬರ್ ಎಲ್ಲಿ ಎಂದು ಕೇಳಿದ್ದಕ್ಕೆ, ನಂಬರ್ ಬರೆದ ಗೊಂಬೆಯನ್ನು ತಮ್ಮ ಮನೆತನದಲ್ಲಿ ಯಾರೂ ಹೊರಗೆ ಕಳಿಸಿಲ್ಲ ಎಂದರು. ಇರಲಿ ಎಂದು ಅಲ್ಲೇ ಯಂತ್ರಗಳನ್ನು ಕೂಡಿಸಿ ಹಚ್ಚಿ ನೋಡಿದೆ. ಅರ್ಧ ಕಿಲೋಮೀಟರು ಮಾತಾಡಬೇಕಾದ ಪೆಟ್ಟಿಗೆಗಳು ಅಂಗಳ ದಾಟಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳಪಿನ ಗುಟ್ಟು ತಿಳಿಯಿತು. ತವರವನ್ನು ಕುಟ್ಟಿ, ಅಂಟಿನಲ್ಲಿ ಅರೆದು, ದಪ್ಪಗೆ ಬಳಿದು, ಕಲ್ಲಿನಿಂದ ಉಜ್ಜಿದ್ದರು. ತಗಡು ಬೇಡ ಎಂದು ಬಂದವನಿಗೆ ತಗಡನ್ನೇ ಅರೆದು ಹಚ್ಚಿಕೊಟ್ಟಿದ್ದರು.

ಇದರಿಂದ ಸುದ್ದಿ ಹೊರಗೆ ಹೋಗುವುದಿಲ್ಲ, ಕೆರೆದು ತೆಗೆಯಬೇಕು ಎಂದೆ. ಹಿರಿಯರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ದೇವರ ಮೂರ್ತಿಗೆ ಹಚ್ಚೂ ಹೊಳಪು ಹಚ್ಚೀನ್ರಿ ಸರ್ರ. ಇದನ್ನ ದಾಟಿ ಹೋಗಂಗಿಲ್ಲ ಅಂದ್ರ ನಿಮ್ಮ ಮಾತಿನಾಗ ದಮ್ ಇಲ್ಲ.”

ಆದರೂ ಕೆರೆದು, ಬರೀ ಬಣ್ಣ ಹಚ್ಚಿ ಕೊಟ್ಟರು. ಆರೂ ಪ್ರಾಣಿಗಳು ಉಪವಾಸ ಬಿದ್ದವರಂತೆ ಮಂಕಾಗಿ ಕಾಣುತ್ತಿದ್ದವು. ಸುದ್ದಿ ಮಾತ್ರ ದಾಟಿತು.

ಹಂಚಿಕೆ ಹೀಗಿತ್ತು. ಆನೆ ಅಂಬಿಗನ ಹತ್ತಿರ. ಹಂಸ ಒಬ್ಬ ಮೀನುಗಾರನ ಹರಿಗೋಲಿನಲ್ಲಿ. ಎತ್ತು, ದಡದ ದಾರಿಯಲ್ಲಿ ಬಾಳೆಗೊನೆ ಸಾಗಿಸುವ ಟ್ರ್ಯಾಕ್ಟರಿನ ಮೇಲೆ. ಕುದುರೆ ಹೋತದ ಕೊರಳಲ್ಲಿ. ನವಿಲು ನನ್ನ ಕೈಯಲ್ಲಿ. ಗಿಳಿ ಕಳ್ಳ. ಕಳ್ಳನನ್ನು ನನ್ನ ಚೀಲದಲ್ಲೇ ಇಟ್ಟುಕೊಳ್ಳುವುದು, ಬೇಕೆಂದಾಗ ಅಡಿಯ ಗುಂಡಿ ಒತ್ತಿ ಆರಿಸುವುದು ಎಂಬುದು ನನ್ನ ಎಚ್ಚರಿಕೆಯ ಕ್ರಮ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಗಿಳಿ ತಾನಾಗಿ ಕಳ್ಳತನ ಶುರುಮಾಡುವಂತೆ ಪ್ರೋಗ್ರಾಂ ಬರೆದಿದ್ದೆ. ಎರಡರ ತನಕ ಜಾಲದ ವೇಗ, ಎರಡರ ನಂತರ ಜಾಲದ ಭದ್ರತೆ, ಒಂದೇ ದಿನದಲ್ಲಿ ಎರಡು ಅಧ್ಯಾಯ.

ಗಿಳಿಗೆ ನಾನು ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದೆ. ಸುದ್ದಿ ಬರೆಯುವುದು, ಓದುವುದು ಪೆಟ್ಟಿಗೆಗೆ ಜೋಡಿಸಿದ ಫೋನಿನಲ್ಲಿ. ಸುದ್ದಿ ಮುಟ್ಟಿದರೆ ಕಳಿಸಿದವರ ಫೋನಿನಲ್ಲಿ ಹಸಿರು ಚುಕ್ಕೆ ಬರುತ್ತದೆ. ಸುದ್ದಿ ನುಂಗಿದ ಮೇಲೆ ಗಿಳಿ ಸುಮ್ಮನಿದ್ದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಅದೇ ಒಂದು ಸುಳ್ಳು ಹಸಿರು ಚುಕ್ಕೆ ವಾಪಸ್ ಕಳಿಸುವಂತೆ ಮಾಡಿದ್ದೆ. ಇಷ್ಟು ಜಾಣ ಕಳ್ಳನನ್ನು ಬೇರೆ ಯಾರೂ ಬರೆದಿರಲಾರರು ಎಂದು ಮಾರ್ಗದರ್ಶಕರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ಬೆಳಿಗ್ಗೆ ಹತ್ತಕ್ಕೆ ಗಡ್ಡೆಯಲ್ಲಿ ಇಳಿದೆ. ಅವ್ವ ಆಗಲೇ ಬಂದಿದ್ದರು. ನಾನು ಕುದುರೆಯನ್ನು ಹೋತದ ಕೊರಳಿಗೆ ಕಟ್ಟಿ, ನವಿಲಿಗೆ ಎತ್ತರದ ಜಾಗ ಹುಡುಕುತ್ತ ಬಂಡೆಯಿಂದ ಬಂಡೆಗೆ ಓಡಾಡಿದೆ. ನಡುವೆ ಅವ್ವ ಬಂದು ಏನೋ ಹೇಳಿದರು. ಪರದೆಯಲ್ಲಿ ಮೊದಲ ಲೆಕ್ಕ ಮೂಡುತ್ತಿತ್ತು, ನಾನು ಹೂಂ ಎಂದೆ.

ಎರಡರ ತನಕ ಜಾಲ ಚೆನ್ನಾಗಿ ನಡೆಯಿತು. ಅಂಬಿಗನ ಆನೆ ಹತ್ತು ಸೆಕೆಂಡಿಗೊಂದು ಪರೀಕ್ಷೆಯ ಸುದ್ದಿ ಕಳಿಸುತ್ತಿತ್ತು, ಬಹುಪಾಲು ನನಗೆ ಮುಟ್ಟುತ್ತಿದ್ದವು. ಟ್ರ್ಯಾಕ್ಟರು ಬಾಳೆಗೊನೆ ಇಳಿಸಲು ಹೋದಾಗ ದಾರಿ ಹರಿಯಿತು, ಮೂರು ಉಸಿರಿನೊಳಗೆ ಸುದ್ದಿ ಹಂಸದ ಮೂಲಕ ಬೇರೆ ದಾರಿ ಹಿಡಿಯಿತು. ಹೋತ ಬಂಡೆ ಏರಿದಷ್ಟೂ ಜಾಲ ಗಟ್ಟಿಯಾಗುತ್ತಿತ್ತು. ಎತ್ತರ ಹುಡುಕುವ ಕೆಲಸದಲ್ಲಿ ಹೋತ ನನಗಿಂತ ಮುಂದೆ ಎಂದು ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಎರಡಾಯಿತು. ಸುದ್ದಿ ಬರುವುದು ಗಕ್ಕನೆ ನಿಂತಿತು. ಅದೇ ಆ ಸಂತೋಷದ ಹತ್ತು ನಿಮಿಷ.

ಅವ್ವ ರೊಟ್ಟಿಯ ಗಂಟನ್ನು ನೀರಿನಂಚಿನ ಒಂದು ಕಲ್ಲಿನ ಮೇಲೆ ಇಟ್ಟಿದ್ದರು. ಅದನ್ನು ತೆಗೆದುಕೊಂಡು ಮೇಲೆ ಬಂದರು. ಗಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ತಮ್ಮಾ, ಹೊಳಿ ಏರಾಕ ಹತ್ತೈತಿ ನೋಡು. ಆಡು ಹುಲ್ಲು ಬಿಟ್ಟು ಮ್ಯಾಲೆ ಬರಾಕತ್ಯಾವ.”

ಪರದೆಯಿಂದ ಕಣ್ಣು ತೆಗೆಯದೆ ನಾನು ಹೇಳಿದ್ದು ಇದು: “ಇಲ್ಲಬೇ ಅವ್ವಾ, ನೀರು ಬಿಟ್ಟಿದ್ರ ಸುದ್ದಿ ಬರ್ತಿತ್ತು.”

“ಸುದ್ದಿ ಬಂದಿಲ್ಲ ಅಂದ್ರ ನೀರು ಬಂದಿಲ್ಲ ಅಂದಂಗೇನೋ? ನನ್ನ ರೊಟ್ಟಿ ಹಿಂಡಿ ತೋರಸ್ಲೇನು?”

ಆಗ ಎದ್ದು ನೋಡಿದೆ. ಬೆಳಿಗ್ಗೆ ನಾನು ಇಳಿದಿದ್ದ ಮರಳು ಕಾಣಲಿಲ್ಲ. ಗಡ್ಡೆಯ ಆಚೆ ಬದಿಗೆ ಓಡಿದೆವು. ಮೊಣಕಾಲು ಮಟ್ಟದ ನೀರಿದ್ದಲ್ಲಿ ಕೆಂಪನೆ ಹರಿವು, ಅದರಲ್ಲಿ ಒಂದು ಇಡೀ ಜಾಲಿಗಿಡ ಬೇರುಸಮೇತ ತಿರುಗುತ್ತ ಹೋಯಿತು. ನಡೆದು ದಾಟುವ ಕಾಲ ಮುಗಿದಿತ್ತು.

ಗಾಬರಿಯಲ್ಲೂ ಕ್ರಮ ತಪ್ಪಬಾರದು ಎಂದುಕೊಂಡೆ. ಮೊದಲು ಕಳ್ಳನನ್ನು ಆರಿಸಬೇಕು. ಚೀಲದೊಳಗೆ ಕೈ ಹಾಕಿ, ತಡಕಾಡಿ, ಪೆಟ್ಟಿಗೆಯ ಅಡಿಯ ಗುಂಡಿ ಒತ್ತಿದೆ. ಟಕ್ ಎಂದಿತು. ಆಮೇಲೆ ಅಂಬಿಗನಿಗೆ, ನಾವಿಬ್ಬರೂ ಗಡ್ಡೆಯಲ್ಲೇ ಇದ್ದೇವೆ, ಬೇಗ ಹರಿಗೋಲು ತನ್ನಿ ಎಂದು ಬರೆದು ಕಳಿಸಿದೆ. ಹಸಿರು ಚುಕ್ಕೆ ಬಂತು. ಸುದ್ದಿ ಮುಟ್ಟಿದೆ, ಹತ್ತು ನಿಮಿಷದಲ್ಲಿ ಬರುತ್ತಾರೆ ಎಂದು ಅವ್ವನಿಗೆ ಧೈರ್ಯ ಹೇಳಿದೆ. ಅವ್ವ ಆಡುಗಳನ್ನು ದೊಡ್ಡ ಬಂಡೆಯ ಬುಡಕ್ಕೆ ಕೂಡಿಹಾಕಿದರು. ನಾವು ಕೂತು ಒದ್ದೆ ರೊಟ್ಟಿ ತಿಂದೆವು. ಪುಂಡಿಪಲ್ಯ ಚೆನ್ನಾಗಿತ್ತು ಎಂದು ನಾನು ಹೇಳಿದ್ದೂ ನೆನಪಿದೆ. ನಮ್ಮ ಕಾಲ ಬುಡದಿಂದ ನೀರು ಒಂದಾಳು ದೂರದಲ್ಲಿತ್ತು.

ಹತ್ತು ನಿಮಿಷವಾಯಿತು. ಮತ್ತೆ ಕಳಿಸಿದೆ. ಮತ್ತೆ ಹಸಿರು. ಎಷ್ಟು ಬೇಗ ಎಂದರೆ, ನಾನು ಬೆರಳು ಎತ್ತುವ ಮೊದಲೇ ಹಸಿರು. ನಾಲ್ಕು ಪೆಟ್ಟಿಗೆ ದಾಟಿ ಹೋಗಿ ಬರುವ ಸುದ್ದಿಗೆ ಅಷ್ಟು ಬೇಗ ಉತ್ತರ ಬರುವುದಿಲ್ಲ. ಪಕ್ಕದಲ್ಲೇ ಕೂತು ಯಾರೋ ಹೂಂ ಹೂಂ ಎನ್ನುತ್ತಿರುವ ಹಾಗಿತ್ತು. ಅಂಬಿಗನ ಪರೀಕ್ಷೆಯ ಸುದ್ದಿಗಳೂ ಇನ್ನೂ ಬರುತ್ತಿರಲಿಲ್ಲ. ಕಳ್ಳ ಆರಿದ್ದರೆ ಅವು ಬರಬೇಕಿತ್ತು.

ಚೀಲ ಮಗುಚಿದೆ. ಹೊರಗೆ ಬಿದ್ದದ್ದು ಕುದುರೆ. ಅದರ ಹಣೆಗೆ ಅರಿಶಿನದ ಭಂಡಾರ ಹಚ್ಚಿತ್ತು.

ಗಿಳಿ ಎಲ್ಲಿ ಎಂದು ಕೇಳಿದೆ. ಅವ್ವ ಗಲ್ಲ ಎತ್ತಿ ಮೇಲೆ ತೋರಿಸಿದರು. ಬಂಡೆಯ ನೆತ್ತಿಯ ಮೇಲೆ ಹೋತ ನಿಂತಿತ್ತು. ಕೊರಳಲ್ಲಿ ಗಿಳಿ.

“ನಮ್ಮ ಮನಿದೇವ್ರು ಮೈಲಾರಲಿಂಗ. ಅವನ ಕುದುರೀನ ಹೋತದ ಕೊಳ್ಳಾಗ ಜೋತಾಡಸ್ತಾರೇನು? ಅದನ್ನ ನಿನ್ನ ಚೀಲದಾಗ ಇಟ್ಟು, ಗಿಳಿ ಕಟ್ಟೀನಿ ಅಂತ ಮುಂಜಾನೇನ ಹೇಳಿದ್ನೆಲ್ಲೋ. ಹೂಂ ಅಂದಿ ನೀ.”

ಹೌದು, ಹೂಂ ಅಂದಿದ್ದೆ. ಇಡೀ ಗಡ್ಡೆಯಲ್ಲೇ ಎತ್ತರದ ಜಾಗದಲ್ಲಿ, ಸುತ್ತಲಿನ ಪೆಟ್ಟಿಗೆಗಳಿಗೆಲ್ಲ ಚೆನ್ನಾಗಿ ಕೇಳಿಸುವಂತೆ, ನನ್ನ ಜಾಣ ಕಳ್ಳ ನಿಂತಿದ್ದ. ನಾನು ಆರಿಸಿದ್ದು ನಮ್ಮ ಕಡೆಯ ಒಬ್ಬ ಪ್ರಾಮಾಣಿಕನನ್ನು. ಅಷ್ಟೇ ಅಲ್ಲ. ಅಂಬಿಗ ನಮಗೆ ಎಚ್ಚರಿಕೆ ಕಳಿಸಿದ್ದರೆ ಅವರಿಗೂ ಹಸಿರು ಚುಕ್ಕೆ ಬಂದಿರುತ್ತದೆ. ನಾವು ಆಚೆ ದಡಕ್ಕೆ ದಾಟಿ ಹೋಗಿದ್ದೇವೆ ಎಂದೇ ಅವರು ತಿಳಿದಿರುತ್ತಾರೆ. ನಮ್ಮನ್ನು ಹುಡುಕಿಕೊಂಡು ಬರಲು ಯಾರಿಗೂ ಕಾರಣವೇ ಇಲ್ಲದಂತೆ ನಾನೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆ.

ಹೋತವನ್ನು ಹಿಡಿಯಲು ಬಂಡೆ ಹತ್ತಿದೆ. ಅದು ಪಕ್ಕದ ಬಂಡೆಗೆ ಜಿಗಿಯಿತು. ಅಲ್ಲಿಗೆ ಹೋದೆ, ಮತ್ತೆ ಈಚೆಗೆ ಬಂತು. ಕೆಳಗೆ ನೀರು, ಮೇಲೆ ಹೋತ, ನಡುವೆ ಹಿಂದಡಿ ಕಿತ್ತ ಚಪ್ಪಲಿಯಲ್ಲಿ ನಾನು. ಮೂರನೆಯ ಸಲ ಜಾರಿ ಮೊಣಕೈ ತರಚಿದ ಮೇಲೆ ಅವ್ವ ನನ್ನನ್ನು ಇಳಿದು ಬಾ ಎಂದು, ನಾಲಗೆಯಿಂದ ಒಂದು ಸಣ್ಣ ಸದ್ದು ಮಾಡಿದರು. ಹೋತ ಬಂದು ಅವರ ಸೊಂಟಕ್ಕೆ ತಲೆ ಒತ್ತಿ ನಿಂತಿತು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದೆ. ನೀ ಕೇಳಬೇಕಲ್ಲ ಎಂದರು.

ಗಿಳಿಯ ಅಡಿಯ ಗುಂಡಿ ಒತ್ತಲು ನೋಡಿದರೆ ಗುಂಡಿಯೇ ಇಲ್ಲ. ಹೋತ ಬಂಡೆಗೆ ತಿಕ್ಕಿ ಅದನ್ನು ಒಳಗೆ ಸೇರಿಸಿಬಿಟ್ಟಿತ್ತು. ಮುಚ್ಚಳ ಬಿಚ್ಚಬೇಕೆಂದರೆ ಹಿರಿಯರು ಹಾಕಿದ್ದ ಹುಣಸೆಬೀಜದ ಅಂಟು ಕಲ್ಲಿನಂತೆ ಹಿಡಿದಿತ್ತು. ಆ ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿ ಕಳ್ಳತನದ ಇಡೀ ದಾಖಲೆ ಇತ್ತು. ಮೂರು ವರ್ಷದ ಕೆಲಸಕ್ಕೆ ಇದ್ದ ಒಂದೇ ಸಾಕ್ಷಿ ಅದು. ಅದನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ನನಗೆ ಬಹಳ ಹೊತ್ತು ಎನಿಸುತ್ತದೆ, ಅವ್ವ ಈಗಲೂ ಅದಕ್ಕಿಂತ ಹೆಚ್ಚು ಎನ್ನುತ್ತಾರೆ. ಒಂದು ಮರಿ ಆಡಿನ ಕಾಲು ಅಷ್ಟರಲ್ಲಿ ನೀರಿನಲ್ಲಿತ್ತು. ಅವ್ವ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡಿದರು.

ಗಿಳಿಯನ್ನು ಬೀಸಿ ಹೊಳೆಗೆ ಎಸೆದೆ.

ಮರದ ಗಿಳಿ ಮುಳುಗಲಿಲ್ಲ. ತಲೆ ಎತ್ತಿಕೊಂಡು, ಕುಣಿಯುತ್ತ, ನಿಧಾನವಾಗಿ ಸುಳಿ ಸುತ್ತಿತು. ನಾನು ಕಳಿಸಿದ ಸುದ್ದಿಗೆ ಅಲ್ಲಿಂದಲೇ ಹಸಿರು ಚುಕ್ಕೆ ಕಳಿಸಿತು. ಕಲ್ಲಿಗೆ ಕುಟ್ಟಿ ಒಡೆದಿದ್ದರೆ ಆಗುತ್ತಿತ್ತು ಎಂಬ ಬುದ್ಧಿ ನನಗೆ ಬಂದದ್ದು ಮೂರು ದಿನದ ಮೇಲೆ. ಅವ್ವ ಗಿಳಿಗೆ ಬಾಯಿಗೆ ಬಂದಂತೆ ಬೈದರು. ಕೊನೆಗೆ ಹರಿವು ಅದನ್ನು ಹಿಡಿದೆಳೆದು ತಿರುವಿನಾಚೆ ಒಯ್ದಿತು.

ಕುದುರೆಯನ್ನು ಮತ್ತೆ ಹಚ್ಚಿ ಬಂಡೆಯ ನೆತ್ತಿಯ ಮೇಲೆ ಇಟ್ಟೆ. ಹೋತದ ಕೊರಳಿಗೆ ಕಟ್ಟದೆ, ಬರೀ ಕಲ್ಲಿನ ಮೇಲೆ ಎಂಬುದಕ್ಕೆ ಅವ್ವನ ಒಪ್ಪಿಗೆ ಇತ್ತು. ಸುದ್ದಿ ಕಳಿಸಿದೆ. ಕೆಂಪು. ದಾರಿ ಇಲ್ಲ. ಮತ್ತೆ ಕೆಂಪು. ಕೆಂಪು ನೋಡಿ ಅಷ್ಟು ಸಮಾಧಾನ ನನಗೆ ಹಿಂದೆಂದೂ ಆಗಿರಲಿಲ್ಲ. ಕೊನೆಗೂ ಜಾಲ ನಿಜ ಹೇಳುತ್ತಿತ್ತು. ಐದನೆಯದೋ ಆರನೆಯದೋ ಸಲ, ಬಹಳ ತಡವಾಗಿ, ನಾಲ್ಕು ಕಡೆ ಕೇಳಿಕೊಂಡು ಬಂದಂತೆ, ಹಸಿರು ಚುಕ್ಕೆ ಬಂತು. ನಾನು ಅದನ್ನು ನಂಬಲಿಲ್ಲ. ಅದರ ಹಿಂದೆಯೇ ಅಕ್ಷರಗಳು ಬಂದವು.

“ಇನ್ನೂ ಅಲ್ಲೇ ಅದೀರೇನ್ರಿ ಮಾಸ್ತರ್ರ? ನಾ ಚಾ ಕುಡಕೋತ ಕುಂತೀನಿ.”

ಅಂಬಿಗ ಮತ್ತು ಮೀನುಗಾರ ಎರಡು ಹರಿಗೋಲು ತೆಗೆದುಕೊಂಡು ಹೊಳೆಯ ಮೇಲ್ಭಾಗಕ್ಕೆ ದಡದಲ್ಲೇ ಹೊತ್ತುಕೊಂಡು ಹೋಗಿ, ಅಲ್ಲಿಂದ ನೀರಿಗೆ ಬಿಟ್ಟು, ಹರಿವಿನ ಜೊತೆ ತಿರುಗುತ್ತ ತಿರುಗುತ್ತ ಬಂಡೆಯ ಮಗ್ಗುಲಿಗೆ ಬಂದು ತಾಗಿದರು. ಆಡು ಬಿಟ್ಟು ಬರುವುದಿಲ್ಲ ಎಂದು ಅವ್ವ ಕೂತರು. ಹೋತ ಹತ್ತದೆ ಉಳಿದವು ಹತ್ತುವುದಿಲ್ಲ. ಹಾಗಾಗಿ ಮೊದಲ ಹರಿಗೋಲಿನಲ್ಲಿ ಹೋತ, ಐದು ಆಡು ಮತ್ತು ಅವ್ವ. ಎರಡನೆಯದರಲ್ಲಿ ಉಳಿದ ಆಡುಗಳು ಮತ್ತು ನಾನು. ಹರಿಗೋಲು ಬುಗುರಿಯಂತೆ ತಿರುಗಿತು. ಒಂದು ಆಡು ನನ್ನ ಟಿಪ್ಪಣಿ ಪುಸ್ತಕದ ಮೂಲೆ ತಿನ್ನುತ್ತಿತ್ತು, ಬಿಡಿಸಲು ಕೈ ಬಿಟ್ಟರೆ ಬೀಳುತ್ತೇನೆ ಎಂದು ಸುಮ್ಮನಿದ್ದೆ. ದಡ ಸೇರಿ ತಿರುಗಿ ನೋಡಿದಾಗ ನಾವು ರೊಟ್ಟಿ ತಿಂದ ಜಾಗದ ಮೇಲೆ ನೀರು ಹರಿಯುತ್ತಿತ್ತು.

ಅಂಬಿಗ ತಮ್ಮ ಫೋನ್ ತೆಗೆದು ತೋರಿಸಿದರು. ಎರಡು ಗಂಟೆ ಐದು ನಿಮಿಷಕ್ಕೆ ಕಳಿಸಿದ ಎಚ್ಚರಿಕೆ, ಎದುರಿಗೆ ಹಸಿರು ಚುಕ್ಕೆ. ಇಂದಿಗೂ ಬಕೆಟ್ಟಿಗೆ ನಲ್ಲಿ ಬಿಟ್ಟು ಬೇರೆ ಕೋಣೆಗೆ ಹೋಗಲು ನನಗೆ ಆಗುವುದಿಲ್ಲ.

ಮುಂದಿನ ವಾರ ಇಬ್ಬರ ಹತ್ತಿರವೂ ಹೋಗಿ ತಪ್ಪಾಯಿತು ಎಂದೆ. ಪೆಟ್ಟಿಗೆ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಕ್ಕೆ ಅಂಬಿಗ ಒಪ್ಪಲಿಲ್ಲ. ಹೊಳೆ ಇಳಿದ ಮೇಲೆ ಅವ್ವ ಮತ್ತೆ ಗಡ್ಡೆಗೆ ಹೋಗುವವರೇ, ಸುದ್ದಿ ಬೇಕೇ ಬೇಕು. ಆದರೆ ಚುಕ್ಕೆಯನ್ನು ತಾನು ನಂಬುವುದಿಲ್ಲ ಎಂದರು. ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳಿದೆ.

“ಒಂದು ಪ್ರಶ್ನೆ ಕೇಳ್ತೀನ್ರಿ. ದಿನಾ ಬ್ಯಾರೆ ಬ್ಯಾರೆ. ಕರಿ ಆಡು ಇವತ್ತು ಯಾವ ಕಾಲು ಕುಂಟತೈತಿ, ನಿನ್ನಿ ಪಲ್ಯ ಏನಿತ್ತು, ಹಿಂಗ. ಉತ್ರಾ ಖರೇ ಬಂದ್ರ ಅವ್ವ ಅದಾಳ. ಇಲ್ಲಂದ್ರ ನಿಮ್ಮ ಗಿಳಿ ಐತಿ ಅಂತ ಹರಿಗೋಲು ಬಿಡ್ತೀನಿ.”

ನಾನು ಅದನ್ನು ಗಣಿತದ ಭಾಷೆಗೆ ತಿರುಗಿಸಿದೆ. ನಡುವಿನ ಯಾವ ಪೆಟ್ಟಿಗೆಗೂ ತಿಳಿಯದ, ತುದಿಯ ಇಬ್ಬರಿಗೆ ಮಾತ್ರ ಗೊತ್ತಿರುವ, ಪ್ರತಿ ಸಲ ಹೊಸದಾಗುವ ಪ್ರಶ್ನೆ. ಇಂಥ ವಿಧಾನ ಪುಸ್ತಕಗಳಲ್ಲಿ ಮೊದಲೇ ಇತ್ತು, ನಾನು ಓದಿಯೂ ಇದ್ದೆ. ಜಾಲದ ವೇಗ ಕಡಿಮೆಯಾಗುತ್ತದೆ ಎಂದು ಬಿಟ್ಟಿದ್ದೆ. ಮಾರ್ಗದರ್ಶಕರಿಗೆ ಗಿಳಿ ತೇಲಿಹೋದ ಕಥೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು, ನಂತರ ಒಮ್ಮೆಲೆ ನಗು ನಿಲ್ಲಿಸಿ, ಈಜು ಕಲಿಯಿರಿ ಎಂದರು.

ಹೊಳೆ ಇಳಿದ ಮೇಲೆ ಹೊಸ ಪರೀಕ್ಷೆ ಮಾಡಿದೆವು. ಈ ಸಲ ನಾನು ದಡದಲ್ಲಿ, ಅವ್ವ ನವಿಲು ಇಟ್ಟುಕೊಂಡು ಗಡ್ಡೆಯಲ್ಲಿ. ಅವರು ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತಿದ್ದರು, ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಅಂಬಿಗನ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ, ದಡದಲ್ಲಿರುವುದು ನಾನೇ ಹೌದೋ ಎಂದು ತಿಳಿಯಲು ಅವರೂ ನನಗೊಂದು ಪ್ರಶ್ನೆ ಕಳಿಸಿದರು. ಮೇಲೆ ಬರೆಯುವಾಗ ನಾನು ಒಂದು ಸಂಗತಿ ಬಿಟ್ಟಿದ್ದೇನೆ. ಮಾರ್ಗದರ್ಶಕರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಪ್ರಶ್ನೆ ಅದರ ಬಗ್ಗೆಯೇ ಇತ್ತು.

“ಅವತ್ತು ಹೋತದ ಕೊಳ್ಳಿಗೆ ಜೋತು ಬಿದ್ದು ಅತ್ತವರು ಯಾರು?”

ಅಂಬಿಗ ನನ್ನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದರು. ಸುಳ್ಳು ಬರೆದರೆ ನಿಯಮದ ಪ್ರಕಾರ ನಾನು ಕಳ್ಳ. ‘ನಾನು’ ಎಂದು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಗಡ್ಡೆಯಿಂದ ಉತ್ತರ ಬಂತು: ಖರೇ ಐತಿ, ನೀನ ಅದೀ.